ಮಾತಿನ ಒಡೆತನ: ಲಾರ್ಡ್ ಆಟ್ಕಿನ್ನರ ಭಿನ್ನತೀರ್ಪಿನ ವಿಮರ್ಶೆ

ನ್ಯಾಯಸ್ಥಾನದ ತೀರ್ಪೊಂದನ್ನು ಸಾಹಿತ್ಯಪತ್ರಿಕೆಯಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ತೀರ್ಪು ವಕೀಲರ ಸೊತ್ತು. ಅದರ ಗುಣದೋಷಗಳನ್ನು ತೂಗತಕ್ಕವರು ಅವರೇ. ಕಾವ್ಯನಾಟಕಗಳಲ್ಲಿ ಪಳಗಿದವರಿಗೆ ಅಲ್ಲೇನು ಕೆಲಸ ಎಂಬ ಆಕ್ಷೇಪಣೆ ಸಹಜವಾದುದು. ಅದಕ್ಕೆ ನನ್ನ ಸಮಾಧಾನವಿಷ್ಟೆ: ತೀರ್ಪೂ ಮಾತಿನಿಂದಾದ ಕೃತಿಯೇ. ಒಬ್ಬರು ಬರೆದ ಮಾತಿಗೆ ಮತ್ತೊಬ್ಬರು ಅರ್ಥ ಹೇಳುವುದೇ ಅದರ ವ್ಯಾಪಾರ. ಮಾತಿಗೆ ಅರ್ಥವು ಬರುವ ಬಗೆ ಯಾವುದು, ಆ ಅರ್ಥವನ್ನು ಎಷ್ಟು ದೂರ ಎಳೆಯಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಗಳು ನಮ್ಮ ಮೀಮಾಂಸಕರಿಗೂ ಆಲಂಕಾರಿಕರಿಗೂ ಬಹು ಕಾಲದಿಂದ ಪರಿಚಿತವಾದವು. ಭೇದವೊಂದುಂಟು: ಕಾವ್ಯದಲ್ಲಿ ಅರ್ಥ ತಪ್ಪಿದರೆ ರಸಭಂಗವಾಗುತ್ತದೆ, ತೀರ್ಪಿನಲ್ಲಿ ಅರ್ಥ ತಪ್ಪಿದರೆ ಒಬ್ಬ ಮನುಷ್ಯನು ಸೆರೆಮನೆಯಲ್ಲಿ ಉಳಿಯುತ್ತಾನೆ.

ನಾನು ಇಲ್ಲಿ ವಿಚಾರಿಸಬೇಕೆಂದಿರುವುದು ೧೯೪೧ನೆಯ ಇಸವಿ ನವೆಂಬರ್ ೩ರಂದು ಇಂಗ್ಲೆಂಡಿನ ಪ್ರಭುಗಳ ಸಭೆಯು ಅತ್ಯುನ್ನತ ನ್ಯಾಯಸ್ಥಾನವಾಗಿ ಕುಳಿತು ಕೊಟ್ಟ ತೀರ್ಪಿನ ಒಂದು ಭಾಗವನ್ನು. ಲಿವರ್ಸಿಜ್ ಎಂಬಾತನು ಫಿರ್ಯಾದಿ. ಗೃಹಮಂತ್ರಿಗಳಾಗಿದ್ದ ಸರ್ ಜಾನ್ ಆಂಡರ್ಸನ್ನರು ಪ್ರತಿವಾದಿ. ವಿಚಾರಿಸಿದವರು ಐವರು: ಮಾಮ್, ಆಟ್ಕಿನ್, ಮ್ಯಾಕ್‌ಮಿಲನ್, ರೈಟ್, ರೋಮರ್. ಇವರಲ್ಲಿ ಮೊದಲಿನವರು ಕಾದಂಬರಿಕಾರ ಸಾಮರ್‌ಸೆಟ್ ಮಾಮನ ಅಣ್ಣಂದಿರು. ನಾಲ್ವರು ಮಂತ್ರಿಯ ಪಕ್ಷಕ್ಕೆ ಒಲಿದರು. ಆಟ್ಕಿನ್ನರೊಬ್ಬರೇ ಭಿನ್ನಮತವನ್ನು ಬರೆದರು. ಸೋತ ಆ ಬರವಣಿಗೆಯೇ ಇಂದು ಉಳಿದಿದೆ. ಗೆದ್ದ ನಾಲ್ಕನ್ನು ಓದುವವರು ವಿರಳ. ಈ ಉಳಿವಿಗೆ ಅದರ ಶೈಲಿಯಷ್ಟೇ ಕಾರಣವೋ, ಅದರಲ್ಲಿ ತತ್ತ್ವವೂ ಇದೆಯೋ ಎಂಬುದು ನಮ್ಮ ಪ್ರಶ್ನೆ.

ಮೊದಲು ಪ್ರಸಂಗವನ್ನು ಸಂಗ್ರಹವಾಗಿ ಹೇಳುತ್ತೇನೆ. ೧೯೩೯ರಲ್ಲಿ ಯುದ್ಧವು ಒದಗಿಬಂದಾಗ ಇಂಗ್ಲೆಂಡಿನ ಸರಕಾರವು ರಕ್ಷಣಾನಿಯಮಗಳನ್ನು ಹೊರಡಿಸಿತು. ಅವುಗಳಲ್ಲಿ ೧೮-ಬಿ ಎಂಬ ನಿಯಮವು, ಶತ್ರುಸಂಬಂಧವುಳ್ಳವರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಧಿಕಾರವನ್ನು ಗೃಹಮಂತ್ರಿಗೆ ಕೊಟ್ಟಿತು. ಮೊದಲು ಆ ನಿಯಮದಲ್ಲಿದ್ದ ಮಾತು ಮಂತ್ರಿಗೆ ‘ಮನವರಿಕೆಯಾದಲ್ಲಿ’ ಎಂದು. ಪಾರ್ಲಿಮೆಂಟಿನ ಸಾಮಾನ್ಯರ ಸಭೆಯಲ್ಲಿ ಅಕ್ಟೋಬರ್ ಕೊನೆಗೆ ಇದರ ಮೇಲೆ ದೊಡ್ಡ ವಾದವೆದ್ದಿತು. ಇಂಥ ಅಂಕೆಯಿಲ್ಲದ ಅಧಿಕಾರ ಸಲ್ಲದೆಂದು ಸದಸ್ಯರು ಪಟ್ಟು ಹಿಡಿದರು. ಸರಕಾರವು ಮಣಿದು ನಿಯಮವನ್ನು ತಿದ್ದಿತು. ತಿದ್ದಿದ ಮೇಲೆ ನಿಂತ ಮಾತು: ಮಂತ್ರಿಗೆ ‘ನಂಬಲು ಸಕಾರಣವಿದ್ದಲ್ಲಿ’. ಈ ಎರಡು ಪದಪುಂಜಗಳ ನಡುವಣ ಅಂತರವನ್ನು ವಾಚಕರು ನೆನಪಿನಲ್ಲಿಡಬೇಕು. ಇಡೀ ವ್ಯಾಜ್ಯವು ಆ ಅಂತರದಲ್ಲಿ ಅಡಗಿದೆ.

೧೯೪೦ರ ಮೇ ತಿಂಗಳಲ್ಲಿ ಫ್ರಾನ್ಸು ಕುಸಿಯುತ್ತಿದ್ದಾಗ ಈ ನಿಯಮದ ಕೆಳಗೆ ಬಂಧನಗಳು ಬಿರುಸಾದುವು. ಒಟ್ಟಿನಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸೆರೆಯಾದರು. ಅವರಲ್ಲೊಬ್ಬ ರಾಬರ್ಟ್ ಲಿವರ್ಸಿಜ್. ಹುಟ್ಟಿದಾಗ ಈತನ ಹೆಸರು ಬೇರೆ, ಯೆಹೂದ್ಯ ದಂಪತಿಗಳ ಮಗ, ರಾಜವಾಯುಪಡೆಯಲ್ಲಿ ಅಧಿಕಾರಿಯಾಗಿದ್ದವನು. ಹಿಟ್ಲರನೊಡನೆ ಕಾದುತ್ತಿದ್ದ ದೇಶವು ಒಬ್ಬ ಯೆಹೂದ್ಯನನ್ನು ಶತ್ರುಸಂಬಂಧಿಯೆಂದು ಬ್ರಿಕ್ಸ್‌ಟನ್ ಸೆರೆಮನೆಗೆ ಹಾಕಿತು. ಆತನು, ತನ್ನನ್ನು ಅನ್ಯಾಯವಾಗಿ ಬಂಧಿಸಿದ್ದಾರೆಂದು ದಾವೆ ಹೂಡಿ, ಮಂತ್ರಿಗಳ ನಂಬಿಕೆಗೆ ಕಾರಣಗಳೇನು, ವಿವರ ಕೊಡಿಸಬೇಕೆಂದು ಕೇಳಿದನು. ಬಿಡುಗಡೆಯ ಪ್ರಶ್ನೆ ಪ್ರಭುಗಳ ಸಭೆಯ ಮುಂದೆ ನೇರವಾಗಿ ಇರಲಿಲ್ಲ. ಕಾರಣವನ್ನು ಕೇಳುವ ಹಕ್ಕು ನ್ಯಾಯಸ್ಥಾನಕ್ಕೆ ಉಂಟೇ ಇಲ್ಲವೇ ಎಂಬುದಷ್ಟೇ ಪ್ರಶ್ನೆಯಾಗಿತ್ತು.

ಇಷ್ಟು ಚಿಕ್ಕ ಪ್ರಶ್ನೆಯ ಹಿಂದೆ ಎಷ್ಟು ದೊಡ್ಡ ತತ್ತ್ವವಿದೆಯೆಂಬುದನ್ನು ತಿಳಿಯಲು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ಮಾಂಟೆಸ್ಕ್ಯೂ ಎಂಬ ಫ್ರೆಂಚ್ ವಿದ್ವಾಂಸನು ೧೭೨೯ರಿಂದ ೧೭೩೧ರವರೆಗೆ ಇಂಗ್ಲೆಂಡಿನಲ್ಲಿದ್ದು, ಅಲ್ಲಿಯ ರಾಜ್ಯವ್ಯವಸ್ಥೆಯನ್ನು ಕಂಡು, ೧೭೪೮ರಲ್ಲಿ ಪ್ರಕಟಿಸಿದ ಕಾನೂನುಗಳ ಅಂತಸ್ಸತ್ವವನ್ನು ಕುರಿತ ತನ್ನ ಮಹಾಗ್ರಂಥದ ಹನ್ನೊಂದನೆಯ ಭಾಗದಲ್ಲಿ ಅದನ್ನು ಕೊಂಡಾಡಿದನು. ಕಾನೂನು ಮಾಡುವ ಶಕ್ತಿ, ಅದನ್ನು ನಡೆಯಿಸುವ ಶಕ್ತಿ, ಅದರಂತೆ ನ್ಯಾಯ ಹೇಳುವ ಶಕ್ತಿ, ಈ ಮೂರೂ ಒಬ್ಬನ ಕೈಯಲ್ಲಿ ಸೇರಿದರೆ ಪ್ರಜೆಯ ಸ್ವಾತಂತ್ರ್ಯವು ಮುಗಿದಂತೆ. ನ್ಯಾಯಾಧಿಪತಿಯು ಶಾಸನಕರ್ತನೂ ಆದರೆ ಪ್ರಜೆಯ ಪ್ರಾಣವು ಅವನ ಸ್ವೇಚ್ಛೆಗೆ ಬೀಳುತ್ತದೆ. ಅವನೇ ಅಧಿಕಾರಿಯೂ ಆದರೆ ದಬ್ಬಾಳಿಕೆಗೆ ಬಲ ಬರುತ್ತದೆ ಎಂಬುದು ಅವನ ಸಿದ್ಧಾಂತ. ಅಮೆರಿಕದವರು ತಮ್ಮ ರಾಜ್ಯಾಂಗವನ್ನು ಕಟ್ಟಿದಾಗ ಈ ಸಿದ್ಧಾಂತವನ್ನು ತಳಹದಿಯಾಗಿ ಇಟ್ಟುಕೊಂಡರು.

ಆದರೆ ಈ ವರ್ಣನೆ ಇಂಗ್ಲೆಂಡಿಗೆ ಪೂರ್ತಿಯಾಗಿ ಒಪ್ಪುತ್ತದೆಯೆ? ಅಲ್ಲಿಯ ಲಾರ್ಡ್ ಚಾನ್ಸಲರ್ ಎಂಬ ಪದವಿಯನ್ನು ನೋಡಿದರೆ ಸಾಕು. ಆತನು ಮಂತ್ರಿಮಂಡಲದ ಸದಸ್ಯ, ಪ್ರಭುಗಳ ಸಭೆಯ ಅಧ್ಯಕ್ಷ, ನ್ಯಾಯಾಂಗಕ್ಕೆ ಮುಖ್ಯಸ್ಥ. ಮಾಂಟೆಸ್ಕ್ಯೂ ಬೇರೆ ಬೇರೆ ಕೋಣೆಗಳಲ್ಲಿ ಕಂಡ ಮೂರು ಶಕ್ತಿಗಳೂ ಒಂದೇ ನಿಲುವಂಗಿಯ ಒಳಗೆ ಇದ್ದುವು. ಲಿವರ್ಸಿಜ್ ವ್ಯಾಜ್ಯದ ಐವರು ನ್ಯಾಯಾಧಿಪತಿಗಳೂ ಶಾಸನಸಭೆಯ ಒಂದು ಭಾಗದ ಸದಸ್ಯರು. ಅವರಲ್ಲಿ ಮಾಮ್ ಅವರು ೧೯೩೮-೩೯ರಲ್ಲಿ ಸ್ವತಃ ಲಾರ್ಡ್ ಚಾನ್ಸಲರಾಗಿದ್ದವರು. ಬ್ಯಾಜೆಟ್ ಎಂಬ ಮೇಧಾವಿಯು ೧೮೬೭ರ ತನ್ನ ಗ್ರಂಥದಲ್ಲಿ, ಇಂಗ್ಲಿಷ್ ವ್ಯವಸ್ಥೆಯ ನಿಜವಾದ ಗುಟ್ಟು ಶಾಸನಾಂಗಕ್ಕೂ ಕಾರ್ಯಾಂಗಕ್ಕೂ ಇರುವ ಹೆಚ್ಚು ಕಡಿಮೆ ಪೂರ್ತಿಯಾದ ಬೆರಕೆಯಲ್ಲಿದೆಯೆಂದು ಎತ್ತಿ ತೋರಿಸಿದನು. ಹೀಗಿರಲು ಆ ದೇಶದಲ್ಲಿ ಗೋಡೆ ಎಂಬುದು ಎಲ್ಲಿದೆ?

ಒಂದು ಗೋಡೆ ಇತ್ತು. ಅದು ಬಹಳ ಬೆಲೆ ಕೊಟ್ಟು ಕಟ್ಟಿದ್ದು. ೧೬೦೭ರಲ್ಲಿ ಮೊದಲನೆಯ ಜೇಮ್ಸ್ ದೊರೆಯು ತಾನೇ ವ್ಯಾಜ್ಯ ತೀರಿಸುವೆನೆಂದಾಗ ಮುಖ್ಯ ನ್ಯಾಯಾಧಿಪತಿ ಕೋಕ್, ಕಾನೂನು ದೀರ್ಘವ್ಯಾಸಂಗದಿಂದ ಬರತಕ್ಕ ವಿದ್ಯೆಯೆಂದೂ ಅರಸನ ಸ್ವಾಭಾವಿಕ ಬುದ್ಧಿಯಿಂದ ಅದು ಸಾಗದೆಂದೂ ಎದುರು ನಿಂತು ಹೇಳಿದನು. ೧೬೧೬ರಲ್ಲಿ ಆತನ ಪದವಿ ಹೋಯಿತು. ೧೬೨೭ರಲ್ಲಿ ಮೊದಲನೆಯ ಚಾರ್ಲ್ಸ್ ದೊರೆಯು, ಬಲಾತ್ಕಾರದ ಸಾಲವನ್ನು ಕೊಡಲೊಲ್ಲದ ಐವರು ನೈಟರನ್ನು ಕಾರಣ ಹೇಳದೆ ಸೆರೆಗೆ ಹಾಕಿದಾಗ, ನ್ಯಾಯಾಧಿಪತಿಗಳು ‘ದೊರೆಯ ವಿಶೇಷ ಅಪ್ಪಣೆ’ ಎಂಬ ಉತ್ತರಕ್ಕೆ ತಲೆಬಾಗಿ ಅವರನ್ನು ಬಿಡಲಿಲ್ಲ. ಮರುವರ್ಷವೇ ಪಾರ್ಲಿಮೆಂಟು ಹಕ್ಕಿನ ಮನವಿಯನ್ನು ಮುಂದಿಟ್ಟಿತು. ಕೊನೆಗೆ ೧೭೦೧ರ ಉತ್ತರಾಧಿಕಾರದ ಶಾಸನವು, ನ್ಯಾಯಾಧಿಪತಿಯು ಸದ್ವರ್ತನೆಯಿರುವ ತನಕ ಪದವಿಯಲ್ಲಿರತಕ್ಕದ್ದೆಂದೂ, ಪಾರ್ಲಿಮೆಂಟಿನ ಎರಡು ಸಭೆಗಳೂ ಬಿನ್ನವಿಸಿದ ಹೊರತು ಅವನನ್ನು ತೆಗೆಯಕೂಡದೆಂದೂ ವಿಧಿಸಿತು. ಅಂದಿನಿಂದ ಇಂಗ್ಲಿಷ್ ನ್ಯಾಯಾಧಿಪತಿಯು ಅರಸನ ಮುಖ ನೋಡದೆ ಮಾತಾಡಬಲ್ಲವನಾದನು. ಮಾಂಟೆಸ್ಕ್ಯೂ ಕಂಡ ಗೋಡೆ ಇದು.

ಆದರೆ ಆ ಗೋಡೆಗೆ ಇನ್ನೊಂದು ಆಧಾರವೂ ಉಂಟೆಂಬುದನ್ನು ಆತನು ಅಷ್ಟಾಗಿ ಗಮನಿಸಲಿಲ್ಲವೆಂದು ನನಗೆ ತೋರುತ್ತದೆ. ಶಾಸನಾಂಗವು ಮಾತನ್ನು ಬರೆಯುತ್ತದೆ. ಕಾರ್ಯಾಂಗವು ಆ ಮಾತಿಗೆ ಅಧೀನವಾಗಿ ನಡೆಯುತ್ತದೆ. ನ್ಯಾಯಾಂಗವು ಆ ಮಾತಿಗೆ ಅರ್ಥ ಹೇಳುತ್ತದೆ. ಮೂರನ್ನೂ ಬೇರ್ಪಡಿಸಿ ನಿಲ್ಲಿಸಿರುವುದು ಮಾತಿನ ಅರ್ಥವು ಮೂವರಲ್ಲಿ ಯಾರೊಬ್ಬರ ಸ್ವಂತ ಸೊತ್ತೂ ಅಲ್ಲ ಎಂಬ ನಂಬಿಕೆ. ಬರೆದ ಮಾತಿಗೆ, ಆ ಮಾತಿಗೆ ಅಧೀನನಾಗಬೇಕಾದವನೇ ಅರ್ಥ ಹೇಳತೊಡಗಿದರೆ, ಪದವಿಗಳು ಮೂರಿದ್ದರೂ ಶಕ್ತಿ ಒಂದೇ ಆಗುತ್ತದೆ. ಆಟ್ಕಿನ್ನರ ಬರವಣಿಗೆಯ ಜೀವಾಳ ಇದು.

ಮೊದಲು ನಾಲ್ವರ ಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಅವರು ಮೂರ್ಖರಲ್ಲ, ಹೇಡಿಗಳೂ ಅಲ್ಲ. ಅವರ ವಾದವಿದು: ಮಂತ್ರಿಗೆ ಬರುವ ಸಮಾಚಾರ ಗೂಢಚಾರರಿಂದ ಬರುವಂಥದು, ಅದನ್ನು ಬಹಿರಂಗದಲ್ಲಿ ಇಟ್ಟರೆ ರಾಜ್ಯಕ್ಕೆ ಅಪಾಯ. ಕಾರಣಗಳನ್ನು ನೋಡಲಾರದ ನ್ಯಾಯಸ್ಥಾನವು ಅವು ಸರಿಯೇ ಅಲ್ಲವೇ ಎಂದು ಹೇಗೆ ಹೇಳೀತು? ಮಂತ್ರಿಯು ಪಾರ್ಲಿಮೆಂಟಿಗೆ ಉತ್ತರವಾದಿ. ಬಂಧಿತನ ಅಹವಾಲನ್ನು ಕೇಳಲು ಸಲಹಾಸಮಿತಿಯೊಂದುಂಟು. ಆದುದರಿಂದ ‘ಸಕಾರಣವಿದ್ದಲ್ಲಿ’ ಎಂಬ ಮಾತನ್ನು ‘ಸಕಾರಣವಿದೆಯೆಂದು ಮಂತ್ರಿಯು ಪ್ರಾಮಾಣಿಕವಾಗಿ ಭಾವಿಸಿದಲ್ಲಿ’ ಎಂದು ಗ್ರಹಿಸಬೇಕು. ಇದನ್ನು ಓದುವಾಗ ಕಾಲವನ್ನು ಮರೆಯಬಾರದು. ಅದೇ ವರ್ಷದ ಮೇ ತಿಂಗಳಿನಲ್ಲಿ ಸಾಮಾನ್ಯರ ಸಭೆಯ ಮಂದಿರವೇ ಶತ್ರುವಿನ ಬಾಂಬಿಗೆ ಉರಿದುಹೋಗಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿಯ ಹಗ್ಗ ಯಾರದೆಂದು ಕೇಳುವುದು ಲೋಕರೂಢಿಯಲ್ಲ.

ಇಲ್ಲಿ ನಮ್ಮ ಶಾಸ್ತ್ರದ ಅಳತೆಗೋಲು ಉಪಯೋಗಕ್ಕೆ ಬರುತ್ತದೆ. ಪದವೊಂದು ತನ್ನ ಮುಖ್ಯಾರ್ಥವನ್ನು ಬಿಟ್ಟು ಬೇರೆ ಅರ್ಥಕ್ಕೆ ಹೋಗುವುದನ್ನು ನಮ್ಮವರು ಲಕ್ಷಣೆ ಎಂದು ಕರೆದರು. ಮತ್ತು ಅದು ಸುಮ್ಮನೆ ಆಗತಕ್ಕದ್ದಲ್ಲವೆಂದು ಮೂರು ನಿಬಂಧನೆಗಳನ್ನು ಹಾಕಿದರು. ಮುಖ್ಯಾರ್ಥಕ್ಕೆ ಬಾಧೆ ಬರಬೇಕು. ಹೊಸ ಅರ್ಥಕ್ಕೂ ಮುಖ್ಯಾರ್ಥಕ್ಕೂ ಸಂಬಂಧವಿರಬೇಕು. ಹಾಗೆ ಹೇಳುವುದಕ್ಕೆ ರೂಢಿಯೋ ಪ್ರಯೋಜನವೋ ಇರಬೇಕು. ಗಂಗೆಯಲ್ಲಿ ಗೊಲ್ಲರ ಹಟ್ಟಿಯಿದೆ ಎಂದರೆ, ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲಲಾರದಷ್ಟೆ. ಆದಕಾರಣ ಗಂಗೆ ಎಂಬುದಕ್ಕೆ ದಡವೆಂದು ಅರ್ಥ ಮಾಡುತ್ತೇವೆ. ದಡಕ್ಕೂ ಹೊಳೆಗೂ ಸಾಮೀಪ್ಯವುಂಟು. ತಂಪು, ಪಾವಿತ್ರ್ಯಗಳು ಸೂಚಿತವಾಗುವುದೇ ಪ್ರಯೋಜನ. ಬಾಧೆಯೇ ಇಲ್ಲದ ಕಡೆ ಲಕ್ಷಣೆಯನ್ನು ತರುವವನು ವ್ಯಾಖ್ಯಾನಕಾರನಲ್ಲ; ತನಗೆ ಬೇಕಾದ ಕಾವ್ಯವನ್ನು ತಾನೇ ಬರೆದುಕೊಳ್ಳುವವನು.

ಈಗ ನಾಲ್ವರ ಅರ್ಥವನ್ನು ಈ ಗೋಲಿನಿಂದ ಅಳೆಯೋಣ. ಸಂಬಂಧವಿದೆ: ಕಾರಣವಿರುವುದಕ್ಕೂ ಕಾರಣವಿದೆಯೆಂದು ತೋರುವುದಕ್ಕೂ ನೆರೆಹೊರೆ. ಪ್ರಯೋಜನವೂ ಇದೆ: ರಾಜ್ಯದ ಕ್ಷೇಮ. ಆದರೆ ಬಾಧೆ ಎಲ್ಲಿ? ‘ನಂಬಲು ಸಕಾರಣವಿದ್ದಲ್ಲಿ’ ಎಂಬ ಮಾತು ನೀರಿನ ಮೇಲಣ ಹಟ್ಟಿಯಂತೆ ಅಸಾಧ್ಯವಾದುದೇನೂ ಅಲ್ಲ. ಕಳವಿನ ಸಂಶಯದ ಮೇಲೆ ಒಬ್ಬನನ್ನು ಹಿಡಿದ ಪೋಲೀಸಿನವನು, ತನಗೆ ಸಕಾರಣವಿತ್ತೆಂದು ನ್ಯಾಯಸ್ಥಾನದ ಮುಂದೆ ತೋರಿಸಬೇಕಾಗುತ್ತದೆ. ತನಗೆ ಹಾಗೆ ತೋರಿತೆಂದರೆ ಸಾಲದು. ಆಟ್ಕಿನ್ನರು ಇಂಥ ನಿದರ್ಶನಗಳನ್ನು ಒಂದರ ಮೇಲೊಂದು ತಂದು, ಇಂಗ್ಲಿಷ್ ಕಾನೂನಿನಲ್ಲಿ ಆ ಮಾತಿಗೆ ಬೇರೆ ಅರ್ಥ ಇದ್ದುದೇ ಇಲ್ಲವೆಂದು ತೋರಿಸುತ್ತಾರೆ. ರಕ್ಷಣಾನಿಯಮಗಳನ್ನೇ ತೆರೆದು, ಮಂತ್ರಿಯ ಅಭಿಪ್ರಾಯವೇ ಸಾಕೆಂದು ಉದ್ದೇಶಿಸಿದ ಕಡೆಗಳಲ್ಲಿ ‘ಮನವರಿಕೆಯಾದಲ್ಲಿ’ ಎಂಬ ಬೇರೆ ಮಾತೇ ಇದೆಯೆಂದು ಬೆರಳಿಟ್ಟು ತೋರಿಸುತ್ತಾರೆ. ರಹಸ್ಯವಾದ ಸಮಾಚಾರವನ್ನು ವಿಚಾರಿಸುವುದು ಕಷ್ಟವೆಂಬುದು ನಿಜ. ಆದರೆ ಬಾಧೆ ಬೇರೆ, ತೊಡಕು ಬೇರೆ. ತೊಡಕಿಗಾಗಿ ಅರ್ಥವನ್ನು ಬಿಡತೊಡಗಿದರೆ ಯಾವ ಶಾಸನವೂ ಉಳಿಯಲಾರದು.

ಆಟ್ಕಿನ್ನರ ರೀತಿ ಇಲ್ಲಿಯೇ ವ್ಯಕ್ತವಾಗುತ್ತದೆ. ಅವರು ಹುಟ್ಟಿದ್ದು ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ, ೧೮೬೭ರಲ್ಲಿ, ಬೆಳೆದುದು ವೇಲ್ಸಿನಲ್ಲಿ. ೧೯೩೨ರಲ್ಲಿ, ಪಾನೀಯದ ಸೀಸೆಯಲ್ಲಿ ಬಸವನಹುಳು ಬಂದಿತೆಂಬ ಬಡ ಹೆಂಗಸಿನ ಫಿರ್ಯಾದಿನ ಮೇಲೆ, ನೆರೆಯವನು ಯಾರು ಎಂಬ ಪ್ರಶ್ನೆಯಿಂದ ನ್ಯಾಯಶಾಸ್ತ್ರದ ಒಂದು ಶಾಖೆಯನ್ನೇ ಹೊಸದಾಗಿ ಬೆಳೆಯಿಸಿದವರು ಇವರು. ದೊಡ್ಡ ತತ್ತ್ವವನ್ನು ಮನೆಮಾತಿನಲ್ಲಿ ಹೇಳುವುದು ಅವರ ವಿದ್ಯೆ. ಒಬ್ಬನಿಗೆ ಕಾಲಿನ ಹರಡು ಮುರಿದಿದ್ದರೆ ಎಂಬ ಮಾತಿಗೆ, ಹರಡು ಮುರಿದಿದೆಯೆಂದು ಅವನು ಎಣಿಸಿದ್ದರೆ ಎಂಬ ಅರ್ಥ ಎಂದಿಗೂ ಬಾರದೆಂದು ಅವರು ಹೇಳುತ್ತಾರೆ. ಇಷ್ಟೇ ಅವರ ದೃಷ್ಟಾಂತ. ಇದರಲ್ಲಿ ಅಲಂಕಾರವಿಲ್ಲ, ಪಾಂಡಿತ್ಯವಿಲ್ಲ. ಆದರೆ ನಾಲ್ವರ ಪುಟಗಟ್ಟಲೆ ವಾದವು ಆ ಮುರಿದ ಹರಡಿನ ಮೇಲೆ ನಿಲ್ಲಲಾರದೆ ಕುಸಿಯುತ್ತದೆ.

ಅಲ್ಲಿಂದ ಮುಂದೆ ಅವರು ಒಂದು ಮಕ್ಕಳ ಪುಸ್ತಕಕ್ಕೆ ತಿರುಗುತ್ತಾರೆ. ಲೂಯಿಸ್ ಕ್ಯಾರಲ್ಲನ ಎರಡನೆಯ ಆಲಿಸ್ ಕತೆಯಲ್ಲಿ, ಗೋಡೆಯ ಮೇಲೆ ಕುಳಿತ ಮೊಟ್ಟೆಯಾಕಾರದ ಹಂಪ್ಟಿ ಡಂಪ್ಟಿ ಎಂಬವನು, ತಾನು ಆಡಿದ ಮಾತಿಗೆ ತಾನು ಗೊತ್ತುಮಾಡಿದ್ದೇ ಅರ್ಥವೆಂದು ಹುಡುಗಿಯ ಮುಂದೆ ಜಂಬ ಕೊಚ್ಚುತ್ತಾನೆ. ಹುಡುಗಿ ಅದಾಗುವುದು ಹೇಗೆಂದು ಕೇಳಿದರೆ, ಒಡೆಯರು ಯಾರೆಂಬುದೇ ಪ್ರಶ್ನೆಯೆಂದು ಬಾಯಿ ಮುಚ್ಚಿಸುತ್ತಾನೆ. ನಾಲ್ವರು ಮಾಡಿದ ಅರ್ಥಕ್ಕೆ ತಮಗೆ ಗೊತ್ತಿರುವ ಆಧಾರ ಇದೊಂದೇ ಎಂಬುದು ಆಟ್ಕಿನ್ನರ ಮಾತಿನ ತಾತ್ಪರ್ಯ.

ಈ ವಾಕ್ಯವು ಬಹಳ ಗಲಭೆಗೆ ಕಾರಣವಾಯಿತು. ಅಂದು ಲಾರ್ಡ್ ಚಾನ್ಸಲರಾಗಿದ್ದ ಸೈಮನ್ನರು ತೀರ್ಪಿನ ಕರಡನ್ನು ನೋಡಿ, ಈ ಭಾಗವನ್ನು ಬಿಟ್ಟರೆ ಒಳ್ಳೆಯದು, ಸಹೋದ್ಯೋಗಿಗಳನ್ನು ಪರಿಹಾಸ್ಯ ಮಾಡಿದಂತಾಗುತ್ತದೆ ಎಂಬ ಅರ್ಥದ ಕಾಗದವನ್ನು ಆಟ್ಕಿನ್ನರಿಗೆ ಬರೆದರು. ಆಟ್ಕಿನ್ನರು ಬಿಡಲೊಲ್ಲೆನೆಂದರು. ಮಂತ್ರಿಮಂಡಲದ ಸದಸ್ಯರೊಬ್ಬರು, ಮಂತ್ರಿಯೊಬ್ಬರು ಪ್ರತಿವಾದಿಯಾಗಿರುವ ವ್ಯಾಜ್ಯದಲ್ಲಿ, ಹೊರಬೀಳುವ ಮೊದಲೇ ಒಂದು ತೀರ್ಪನ್ನು ಓದಿ, ಅದರ ವಾಕ್ಯವನ್ನು ತಿದ್ದಲು ಸೌಜನ್ಯದಿಂದಲೇ ಆದರೂ ಸಲಹೆ ಕೊಟ್ಟರೆಂಬುದನ್ನು ನಾವು ಇಂದು ಓದಿದಾಗ, ಒಂದೇ ನಿಲುವಂಗಿಯೊಳಗಿನ ಮೂರು ಶಕ್ತಿಗಳ ವಿಷಯವಾಗಿ ಮೇಲೆ ಹೇಳಿದುದು ಬರಿಯ ಶಾಸ್ತ್ರಚರ್ಚೆಯಲ್ಲವೆಂದು ಮನಸ್ಸಿಗೆ ನಾಟುತ್ತದೆ. ಸೈಮನ್ನರ ಉದ್ದೇಶ ಕೆಟ್ಟದ್ದಾಗಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಅವರ ಪದವಿಯ ರಚನೆಯೇ ಅವರಿಂದ ಆ ಕಾಗದವನ್ನು ಬರೆಯಿಸಿತು.

ಇನ್ನು, ನ್ಯಾಯಪೀಠದಲ್ಲಿ ಹಾಸ್ಯವು ಸಲ್ಲುತ್ತದೆಯೆ? ರಸಕ್ಕೆ ಔಚಿತ್ಯವೇ ಪ್ರಾಣವೆಂದು ಕ್ಷೇಮೇಂದ್ರನು ಸಾಧಿಸಿದ್ದಾನೆ. ಸೆರೆಯಲ್ಲಿರುವ ಮನುಷ್ಯನ ವ್ಯಾಜ್ಯದಲ್ಲಿ ಮಕ್ಕಳ ಕತೆಯನ್ನು ತರುವುದು ಅನುಚಿತವೆಂದು ಮೊದಲ ನೋಟಕ್ಕೆ ತೋರುತ್ತದೆ. ನಾನು ಹಾಗೆಣಿಸುವುದಿಲ್ಲ. ಅಲಂಕಾರವಾಗಿ ಬಂದಿದ್ದರೆ ಅದು ದೋಷವಾಗುತ್ತಿತ್ತು. ಇಲ್ಲಿ ಅದು ವಾದದ ಕೊನೆಯ ಮೆಟ್ಟಿಲು. ಮಾತಿಗೆ ಅರ್ಥವು ಒಡೆಯನ ಇಚ್ಛೆಯಿಂದ ಬರುವುದಾದರೆ, ಪಾರ್ಲಿಮೆಂಟು ೧೯೩೯ರಲ್ಲಿ ಹೋರಾಡಿ ಮಾತನ್ನು ಬದಲಾಯಿಸಿದ್ದು ವ್ಯರ್ಥ. ಯಾವ ಮಾತನ್ನು ಬರೆದರೂ ಮಂತ್ರಿಯು ಹಳೆಯ ಅರ್ಥವನ್ನೇ ಹೇಳಿಕೊಳ್ಳಬಹುದು. ಒಡೆಯರು ಯಾರೆಂಬ ಆ ಮೊಟ್ಟೆಯವನ ಪ್ರಶ್ನೆಯೇ ಅಧಿಕಾರವಿಭಜನೆಯ ಪ್ರಶ್ನೆ. ಮಾಂಟೆಸ್ಕ್ಯೂವಿನ ಅಧ್ಯಾಯವು ಹೇಳಲಾರದೆ ಬಿಟ್ಟುದನ್ನು ಮಕ್ಕಳ ಪುಸ್ತಕವು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದೆ. ಆಟ್ಕಿನ್ನರು ಅದನ್ನು ಕಂಡುಕೊಂಡದ್ದು ಹಾಸ್ಯಬುದ್ಧಿಯಿಂದಲ್ಲ, ವಿಮರ್ಶಕನ ಕಣ್ಣಿನಿಂದ.

ದೋಷವಿರುವುದು ಬೇರೊಂದು ಕಡೆ. ಸರಕಾರದ ಪರವಾಗಿ ತಾವು ಕೇಳಿದ ವಾದಗಳು ಮೊದಲನೆಯ ಚಾರ್ಲ್ಸನ ಕಾಲದ ನ್ಯಾಯಸ್ಥಾನಕ್ಕೆ ಒಪ್ಪಿಗೆಯಾಗಬಹುದಾಗಿದ್ದುವು ಎಂದು ಆಟ್ಕಿನ್ನರು ಚುಚ್ಚುತ್ತಾರೆ. ತಮ್ಮ ಸಹೋದ್ಯೋಗಿಗಳು ಕಾರ್ಯಾಂಗಕ್ಕಿಂತ ಹೆಚ್ಚಾಗಿ ಕಾರ್ಯಾಂಗದ ಮನಸ್ಸುಳ್ಳವರಾಗಿದ್ದಾರೆ ಎಂಬ ಧ್ವನಿಯೂ ಅಲ್ಲಿ ಸ್ಪಷ್ಟ. ಮಾಮ್ ಅವರು ಇದರಿಂದ ನೊಂದು, ಕೆಲವೇ ದಿನಗಳಲ್ಲಿ ಟೈಮ್ಸ್ ಪತ್ರಿಕೆಗೆ ಕಾಗದ ಬರೆದು ವಕೀಲರ ಪರವಾಗಿ ಪ್ರತಿಭಟಿಸಿದರು. ನ್ಯಾಯಾಧಿಪತಿಯೊಬ್ಬರು ತಮ್ಮದೇ ಪೀಠದ ತೀರ್ಪಿನ ಮೇಲೆ ಪತ್ರಿಕೆಗೆ ಬರೆಯುವುದು ಅಪೂರ್ವ. ಆ ಉಪಮಾನವು ಕುಂಟುತ್ತದೆಂಬುದೇನೋ ನಿಜ. ಚಾರ್ಲ್ಸನ ನ್ಯಾಯಾಧಿಪತಿಗಳ ತಲೆಯ ಮೇಲೆ ಅರಸನ ಕೋಪವೆಂಬ ಕತ್ತಿ ತೂಗುತ್ತಿತ್ತು. ೧೯೪೧ರ ನಾಲ್ವರಿಗೆ ಪದವಿಯ ಭಯವಿರಲಿಲ್ಲ. ಇದ್ದುದು ದೇಶದ ಮೇಲಣ ಕಾಳಜಿ ಮಾತ್ರ. ಭಯದಿಂದ ತಪ್ಪಿದವನನ್ನೂ ಭಕ್ತಿಯಿಂದ ತಪ್ಪಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸಹೃದಯತೆಯಲ್ಲ.

ಆದರೂ ಕುಂಟುವ ಆ ಉಪಮಾನವೇ ಒಂದು ಕಹಿಯಾದ ಸತ್ಯದ ಕಡೆಗೆ ನಮ್ಮನ್ನು ಕರೆದೊಯ್ಯುತ್ತದೆ. ೧೭೦೧ರ ಶಾಸನವು ನ್ಯಾಯಾಧಿಪತಿಯ ಪೀಠವನ್ನು ಭದ್ರಪಡಿಸಿತು. ಅವನ ಮನಸ್ಸನ್ನು ಭದ್ರಪಡಿಸಲಿಲ್ಲ, ಯಾವ ಶಾಸನವೂ ಅದನ್ನು ಮಾಡಲಾರದು. ಯಾರೂ ತೆಗೆಯಲಾರದ ನ್ಯಾಯಾಧಿಪತಿಯು, ಯಾರೂ ಕೇಳದೆಯೇ, ತಾನಾಗಿ ಗೋಡೆಯನ್ನು ದಾಟಿ ಮಂತ್ರಿಯ ಪಕ್ಕದಲ್ಲಿ ಕುಳಿತುಕೊಳ್ಳಬಹುದು. ಅದೂ ಪರಮಪ್ರಾಮಾಣಿಕನಾಗಿ, ದೇಶಹಿತವನ್ನೇ ಬಯಸಿ. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಇಲ್ಲಿಗೆ ಸಲ್ಲದು. ಬೇಲಿಯು ಗೌರವದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು, ಅಷ್ಟೆ. ಅಧಿಕಾರವಿಭಜನೆಯು ಕೊನೆಗೆ ನಿಲ್ಲತಕ್ಕದ್ದು ನ್ಯಾಯಾಧಿಪತಿಯ ಅಂತರಂಗದಲ್ಲಿ ಎಂಬುದನ್ನು ಈ ಭಿನ್ನತೀರ್ಪಿನಷ್ಟು ತೀವ್ರವಾಗಿ ಹೇಳಿದ ಬರವಣಿಗೆಯನ್ನು ನಾನು ಬೇರೆ ಕಂಡಿಲ್ಲ. ಶಸ್ತ್ರಗಳ ಸದ್ದಿನಲ್ಲಿ ಕಾನೂನುಗಳು ಮೌನವಾಗುತ್ತವೆಂಬ ರೋಮನರ ಹಳೆಯ ನುಡಿಯನ್ನು ಆಟ್ಕಿನ್ನರು ತಿರುಗಿಸಿ, ಇಂಗ್ಲೆಂಡಿನಲ್ಲಿ ಅವು ಮೌನವಾಗುವುದಿಲ್ಲ, ಅವನ್ನು ಬದಲಾಯಿಸಬಹುದು, ಆದರೆ ಯುದ್ಧದಲ್ಲಿಯೂ ಶಾಂತಿಯಲ್ಲಿಯೂ ಅವುಗಳ ಭಾಷೆ ಒಂದೇ ಎನ್ನುವಾಗ, ಅವರು ಕಾನೂನಿಗೆ ಭಾಷೆಯ ಪ್ರಾಣವನ್ನು ಆರೋಪಿಸಿದ್ದು ಆಕಸ್ಮಿಕವಲ್ಲ.

ಅವರು ಕೇಳಿದ್ದು ಎಷ್ಟು ಅಲ್ಪವೆಂಬುದನ್ನೂ ಹೇಳಬೇಕು. ಪ್ರತಿಯೊಂದು ಬಂಧನವೂ ಮೊದಲ ನೋಟಕ್ಕೆ ಅಕ್ರಮ, ಬಂಧಿಸಿದವನೇ ಅದನ್ನು ಸಮರ್ಥಿಸಿಕೊಳ್ಳಬೇಕು, ಇದಕ್ಕೆ ಹೊರತಾದುದು ನ್ಯಾಯಾಧಿಪತಿಯ ಆಜ್ಞೆಯಿಂದಾದ ಬಂಧನವೊಂದೇ ಎಂಬುದು ಅವರ ಆಧಾರವಾಕ್ಯ. ಅದೇ ದಿನ ತೀರ್ಮಾನವಾದ ಗ್ರೀನ್ ಎಂಬಾತನ ವ್ಯಾಜ್ಯದಲ್ಲಿ ಮಂತ್ರಿಗಳು ತಮ್ಮ ಕಾರಣಗಳ ಬಗ್ಗೆ ಪ್ರಮಾಣಪತ್ರವೊಂದನ್ನು ಸಲ್ಲಿಸಿದ್ದರು. ಅಲ್ಲಿ ಆಟ್ಕಿನ್ನರೂ ಉಳಿದವರೊಡನೆ ಸೇರಿ ಬಂಧಿತನ ಅಪೀಲನ್ನು ವಜಾ ಮಾಡಿದರು. ಆದುದರಿಂದ ಇವರನ್ನು ಸರಕಾರದ ಕೈಕಟ್ಟಲು ಹೊರಟ ಉಗ್ರವಾದಿಯೆಂದು ಎಣಿಸುವುದು ತಪ್ಪು. ಮಂತ್ರಿಯು ಉತ್ತರ ಹೇಳಲಿ ಎಂದರು. ಉತ್ತರವೇ ಬೇಡವೆಂಬುದನ್ನು ಒಪ್ಪಲಿಲ್ಲ.

ಇದೇ ಕಾರಣದಿಂದ ಕೃತಿಯ ಎರಡನೆಯ ಮಿತಿಯೂ ಕಾಣಿಸಿಕೊಳ್ಳುತ್ತದೆ. ಪಾರ್ಲಿಮೆಂಟು ‘ಮನವರಿಕೆಯಾದಲ್ಲಿ’ ಎಂದೇ ಬರೆದಿದ್ದರೆ ಆಟ್ಕಿನ್ನರ ಬತ್ತಳಿಕೆಯಲ್ಲಿ ಬಾಣವಿರಲಿಲ್ಲ. ಅವರ ಗೋಡೆ ಮಾತಿನ ಗೋಡೆ; ಮಾತನ್ನು ಬರೆಯುವವರು ಅದನ್ನು ಬರೆಯದಿದ್ದರೆ ಗೋಡೆಯೂ ಇಲ್ಲ. ಬ್ಯಾಜೆಟನು ತೋರಿಸಿದಂತೆ, ಮಾತನ್ನು ಬರೆಯುವ ಸಭೆಯು ಮಂತ್ರಿಗಳ ಮುಂದಾಳುತನದಲ್ಲಿಯೇ ನಡೆಯುವಾಗ, ಈ ಆಧಾರ ಎಷ್ಟು ದಿನ ನಿಂತೀತು? ಈ ಪ್ರಶ್ನೆಗೆ ಭಿನ್ನತೀರ್ಪಿನಲ್ಲಿ ಉತ್ತರವಿಲ್ಲ. ಇದನ್ನು ನ್ಯೂನತೆಯೆಂದು ಹೇಳುವಾಗಲೂ, ಅದು ಅವರೊಬ್ಬರ ನ್ಯೂನತೆಯಲ್ಲ, ಪಾರ್ಲಿಮೆಂಟಿನ ಪರಮಾಧಿಕಾರವನ್ನು ಒಪ್ಪಿದ ಇಡೀ ಇಂಗ್ಲಿಷ್ ಸಂಪ್ರದಾಯದ್ದು ಎಂಬುದನ್ನು ಸೇರಿಸಬೇಕು.

ಕೃತಿಯ ಮುಂದಿನ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಆಟ್ಕಿನ್ನರು ೧೯೪೪ರಲ್ಲಿ ತೀರಿಕೊಂಡರು. ತಮ್ಮ ಗೆಲವನ್ನು ಕಾಣಲಿಲ್ಲ. ೧೯೬೩ರಲ್ಲಿ ಲಾರ್ಡ್ ರೀಡರು ನಾಲ್ವರ ತೀರ್ಮಾನವನ್ನು ಬಹಳ ವಿಚಿತ್ರವಾದುದೆಂದು ಕರೆದರು. ೧೯೭೯ರಲ್ಲಿ ಲಾರ್ಡ್ ಡಿಪ್ಲಾಕರು ನಾಲ್ವರದು ತಪ್ಪು, ಆ ಸಮಯಕ್ಕೆ ಕ್ಷಮ್ಯವಾದೀತು, ಆಟ್ಕಿನ್ನರದೇ ಸರಿ ಎಂದು ಬಾಯಿಬಿಟ್ಟು ಒಪ್ಪಿಕೊಂಡರು. ಮೂವತ್ತೆಂಟು ವರ್ಷ ಹಿಡಿಯಿತು.

ಅಷ್ಟರೊಳಗೆ ನಾಲ್ವರ ನೆರಳು ನಮ್ಮ ದೇಶದ ಮೇಲೂ ಬಿದ್ದಿತ್ತು. ೧೯೭೫ರ ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಸೆರೆಯಾದವರ ಅರ್ಜಿಗಳನ್ನು ಕೇಳಬಹುದೆಂದು ಹಲವು ಹೈಕೋರ್ಟುಗಳು ಹೇಳಿದ್ದುವು. ನಮ್ಮ ಕರ್ನಾಟಕದ ಹೈಕೋರ್ಟೂ ಅವುಗಳಲ್ಲಿ ಒಂದು. ೧೯೭೬ರ ಏಪ್ರಿಲ್ ೨೮ರಂದು ಸುಪ್ರೀಂ ಕೋರ್ಟು ಜಬಲ್ಪುರದ ವ್ಯಾಜ್ಯದಲ್ಲಿ ಅವೆಲ್ಲವನ್ನೂ ತಳ್ಳಿಹಾಕಿತು. ಅಲ್ಲಿಯೂ ಲಿವರ್ಸಿಜ್ ತೀರ್ಪು ಉದಾಹೃತವಾಯಿತು. ಅಲ್ಲಿಯೂ ಐವರಲ್ಲಿ ನಾಲ್ವರು ಒಂದು ಕಡೆ. ಅಲ್ಲಿಯೂ ಭಿನ್ನಮತ ಒಬ್ಬರದೇ, ನ್ಯಾಯಮೂರ್ತಿ ಖನ್ನಾ ಅವರದು. ಮುಂದಿನ ವರ್ಷ ಅವರಿಗಿಂತ ಕಿರಿಯರು ಮುಖ್ಯ ನ್ಯಾಯಾಧಿಪತಿಗಳಾದರು; ಖನ್ನಾ ಅವರು ರಾಜೀನಾಮೆಯಿತ್ತರು. ಆ ತೀರ್ಪನ್ನು ಒಂಬತ್ತು ಮಂದಿಯ ಪೀಠವು ಸ್ಪಷ್ಟವಾಗಿ ಅಳಿಸಿಹಾಕಿದ್ದು ೨೦೧೭ರ ಆಗಸ್ಟ್ ೨೪ರಂದು. ಆ ಮೊಕದ್ದಮೆಯನ್ನು ತಂದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧಿಪತಿಗಳಾದ ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ಮಾತು.

ಇಂಗ್ಲೆಂಡಿನಲ್ಲಿ ಈಗ ಗೋಡೆಯನ್ನು ಕಲ್ಲಿನಿಂದಲೂ ಕಟ್ಟಿದ್ದಾರೆ. ೨೦೦೫ರ ರಾಜ್ಯಾಂಗಸುಧಾರಣಾ ಶಾಸನವು ಲಾರ್ಡ್ ಚಾ‌ನ್ಸಲರನ ನಿಲುವಂಗಿಯನ್ನು ಮೂರಾಗಿ ಹರಿಯಿತು: ನ್ಯಾಯಾಂಗದ ಮುಖ್ಯಸ್ಥಿಕೆ ಒಬ್ಬರಿಗೆ, ಸಭೆಯ ಅಧ್ಯಕ್ಷತೆ ಮತ್ತೊಬ್ಬರಿಗೆ ಹೋಯಿತು. ೨೦೦೯ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪ್ರಭುಗಳ ಸಭೆಯನ್ನು ಬಿಟ್ಟು, ಪಾರ್ಲಿಮೆಂಟಿನ ಎದುರಿಗಿರುವ ಬೇರೆ ಮಂದಿರದಲ್ಲಿ ಬಾಗಿಲು ತೆರೆಯಿತು. ಮಾಂಟೆಸ್ಕ್ಯೂ ಕಂಡೆನೆಂದುಕೊಂಡುದು ಇನ್ನೂರ ಅರುವತ್ತು ವರ್ಷಗಳ ಮೇಲೆ ನಿಜವಾಯಿತು. ೨೦೧೯ರ ಸೆಪ್ಟೆಂಬರ್ ೨೪ರಂದು ಆ ಮಂದಿರದ ಹನ್ನೊಂದು ನ್ಯಾಯಾಧಿಪತಿಗಳು ಒಮ್ಮತದಿಂದ, ಪಾರ್ಲಿಮೆಂಟನ್ನು ವಿರಮಿಸುವಂತೆ ರಾಣಿಗೆ ಮಂತ್ರಿಗಳಿತ್ತ ಸಲಹೆ ಅಕ್ರಮವೆಂದರು. ಆ ವಿಚಾರದಲ್ಲಿಯೂ ನ್ಯಾಯಸ್ಥಾನವು ಕೇಳಿದ್ದು ಆಟ್ಕಿನ್ನರ ಹಳೆಯ ಪ್ರಶ್ನೆಯನ್ನೇ: ಸಕಾರಣವೆಲ್ಲಿ?

ಆದರೆ ಲಾಭದ ಜೊತೆಗೆ ನಷ್ಟವೂ ಇದೆ. ೨೦೧೬ರ ನವೆಂಬರಿನಲ್ಲಿ, ತಮಗೆ ಹಿಡಿಸದ ತೀರ್ಪನ್ನು ಕೊಟ್ಟ ಮೂವರು ನ್ಯಾಯಾಧಿಪತಿಗಳನ್ನು ಪತ್ರಿಕೆಯೊಂದು ಪ್ರಜಾದ್ರೋಹಿಗಳೆಂಬಂತೆ ಮುಖಪುಟದಲ್ಲಿ ಜರೆದಾಗ, ಅವರ ಪರವಾಗಿ ಮಾತಾಡಬೇಕಾಗಿದ್ದ ಲಾರ್ಡ್ ಚಾನ್ಸಲರು ತಡವಾಗಿ, ಮೆಲ್ಲಗೆ ಮಾತಾಡಿದರೆಂಬ ಆಕ್ಷೇಪಣೆ ಬಂದಿತು. ಹಳೆಯ ಚಾನ್ಸಲರು ಗೋಡೆಯ ಎರಡು ಕಡೆಯೂ ಕಾಲಿಟ್ಟಿದ್ದವರು. ಅದರಿಂದ ಸೈಮನ್ನರ ಕಾಗದದಂಥ ಅನುಚಿತವೂ ಆಗುತ್ತಿತ್ತು, ಮಂತ್ರಿಮಂಡಲದೊಳಗೆ ನ್ಯಾಯಾಂಗಕ್ಕೊಂದು ನಾಲಿಗೆಯೂ ಇರುತ್ತಿತ್ತು.

ಈ ಭಿನ್ನತೀರ್ಪನ್ನು ಉತ್ತಮ ಸಾಹಿತ್ಯವೆಂದು ನಾನು ಕರೆಯುವುದು ಅದರ ಚಾಟೂಕ್ತಿಗಾಗಿ ಅಲ್ಲ. ಮಾತಿಗೆ ಅದರ ಅರ್ಥವನ್ನು ಉಳಿಸಿಕೊಡುವುದು ಕವಿಯ, ವಿಮರ್ಶಕನ, ನ್ಯಾಯಾಧಿಪತಿಯ ಸಮಾನವಾದ ಧರ್ಮವೆಂಬುದನ್ನು ಅದು ಆಚರಿಸಿ ತೋರಿಸಿತು. ಕವಿಯು ಆ ಧರ್ಮವನ್ನು ಬಿಟ್ಟರೆ ಓದುಗನು ಪುಸ್ತಕವನ್ನು ಮುಚ್ಚಬಹುದು. ಬ್ರಿಕ್ಸ್‌ಟನ್ನಿನ ಕೋಣೆಯಲ್ಲಿದ್ದವನಿಗೆ ಆ ಸೌಕರ್ಯವಿರಲಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಪದಗಳ ಅರ್ಥವನ್ನು ಹೇಳಿಕೊಡುವಾಗ ನಾವು ಪರೀಕ್ಷೆಗೆ ಸಿದ್ಧಮಾಡುತ್ತಿದ್ದೇವೆಂದಷ್ಟೇ ಭಾವಿಸುತ್ತೇವೆ. ಆ ಪಾಠದಲ್ಲಿ ಎಷ್ಟು ಜನರ ಬಿಡುಗಡೆ ಅಡಗಿದೆಯೆಂಬುದನ್ನು ತಿಳಿಯಬೇಕೆನ್ನುವವರು ಆಟ್ಕಿನ್ನರ ಈ ಕೆಲವು ಪುಟಗಳನ್ನು ಒಮ್ಮೆ ಓದಬೇಕು.